ಪರದೆಯಮ್ಮನ ಕುರ್ಚಿ

ಮೊದಲೇ ಹೇಳಿಬಿಡುತ್ತೇನೆ, ನಾನು ಯಾರನ್ನೂ ಸುಲಭಕ್ಕೆ ನಂಬುವ ಪೈಕಿ ಅಲ್ಲ. ಮೂವತ್ತೊಂದು ವರ್ಷ ತೂಕ ಮತ್ತು ಅಳತೆ ಇಲಾಖೆಯಲ್ಲಿ ಇನ್ಸ್‌ಪೆಕ್ಟರ್ ಆಗಿದ್ದವನು. ತಕ್ಕಡಿ ತಟ್ಟೆಯ ತಳಕ್ಕೆ ಮೇಣ ಮೆತ್ತಿದವರು, ತೂಕದ ಕಲ್ಲಿನ ಹೊಟ್ಟೆ ಕೊರೆದು ಹೊಟ್ಟು ತುಂಬಿದವರು, ಬಟ್ಟೆ ಅಳೆಯುವ ಕೋಲಿನ ತುದಿಯನ್ನು ಅರ್ಧ ಬೆರಳಿನಷ್ಟು ಸವೆಸಿದವರು, ಎಲ್ಲರನ್ನೂ ಕಂಡಿದ್ದೇನೆ. ಅವರೆಲ್ಲ ನಗುನಗುತ್ತಲೇ ಮಾತಾಡಿಸಿದ್ದರು. ಹಾಲಿನವನು ಬಂದರೆ ನಮ್ಮ ಯಜಮಾನರು ಹಾಲು ನೋಡುವುದಿಲ್ಲ, ಅವನ ಹೆಬ್ಬೆರಳು ನೋಡುತ್ತಾರೆ ಎಂದು ನನ್ನ ಹೆಂಡತಿ ಬಂದವರ ಮುಂದೆಲ್ಲ ಆಡಿಕೊಳ್ಳುತ್ತಾಳೆ. ನೋಡುತ್ತೇನೆ, ಏನೀಗ? ಅಳತೆಯ ಪಾತ್ರೆಯೊಳಗೆ ಹೆಬ್ಬೆರಳು ಮುಳುಗಿದರೆ ಅಷ್ಟು ಹಾಲು ಕಡಿಮೆ.

ನಗುವವರ ಮೇಲೆ ನನಗೆ ಅನುಮಾನ. ಪರದೆಯಮ್ಮ ನಗುತ್ತಲೇ ಇರಲಿಲ್ಲ. ಅದೂ ಅನುಮಾನಕ್ಕೆ ಒಂದು ಕಾರಣವಾಯಿತು.

ಆಕೆ ಯಾರೆಂದು ಹೇಳಬೇಕಾದರೆ ನಮ್ಮ ಸ್ಪರ್ಧೆಯ ವಿಷಯ ಹೇಳಬೇಕು. ನಮ್ಮಲ್ಲಿ ಸಂಗೀತ ಸಭಾಂಗಣವೊಂದಿದೆ. ಅಲ್ಲಿ ಪ್ರತಿ ವರ್ಷ ಹದಿನೆಂಟರ ಒಳಗಿನ ಮಕ್ಕಳಿಗೆ ಮೂರು ದಿನ ವಾದ್ಯ ಸ್ಪರ್ಧೆ ನಡೆಯುತ್ತದೆ. ಪಿಟೀಲು, ಕೊಳಲು, ಕ್ಲಾರಿನೆಟ್, ವಾದ್ಯ ಯಾವುದಾದರೂ ಸರಿ, ನುಡಿಸುವುದು ಮಾತ್ರ ಶಾಸ್ತ್ರೀಯವಾಗಿರಬೇಕು. ಗೆದ್ದವರಿಗೆ ತುಂಬಿದ ಸಭೆಯ ಮುಂದೆ ಒಂದು ಇಡೀ ಸಂಜೆ ಒಬ್ಬರೇ ನುಡಿಸುವ ಅವಕಾಶ. ಆ ಒಂದು ಸಂಜೆಗಾಗಿ ಅಪ್ಪ ಅಮ್ಮಂದಿರು ನಿದ್ದೆಗೆಡುತ್ತಾರೆ. ಹಿಂದೆ ತೀರ್ಪುಗಾರರು ಮಕ್ಕಳ ಮುಖ ನೋಡಿಕೊಂಡೇ ಅಂಕ ಕೊಡುತ್ತಿದ್ದರು. ಇದು ಇಂಥವರ ಶಿಷ್ಯ, ಅದು ಇಂಥವರ ಮಗಳು ಎಂಬ ಪಿಸುಮಾತು ಶುರುವಾಗಿ, ಒಂದು ವರ್ಷ ಬಹುಮಾನ ಕೊಡುವ ಹೊತ್ತಿಗೆ ಇಬ್ಬರು ಅಪ್ಪಂದಿರು ವೇದಿಕೆಯ ಮೇಲೇ ಕಾಲರ್ ಹಿಡಿದುಕೊಂಡರು. ಮರುವರ್ಷ ಪರದೆ ಬಂತು.

ಪರದೆ ಎಂದರೆ ಮೂರು ಪದರದ್ದು, ಗೋಡೆಯಿಂದ ಗೋಡೆಗೆ, ನೆಲ ಮುಟ್ಟುವ ಹಾಗೆ. ಆಚೆ ಮೂವರು ತೀರ್ಪುಗಾರರು, ಈಚೆ ಮಗು. ಮಗುವಿಗೆ ಹೆಸರಿಲ್ಲ, ಚೀಟಿ ಎತ್ತಿದ ನಂಬರು ಮಾತ್ರ. ಚಪ್ಪಲಿ, ಬೂಟು ಬಿಟ್ಟು ಕಾಲುಚೀಲದಲ್ಲಿ ಬರಬೇಕು, ದಪ್ಪ ಜಮಖಾನೆಯ ಮೇಲೆ ನಡೆಯಬೇಕು, ತುಟಿ ಪಿಟಕ್ಕೆನ್ನಬಾರದು. ಕೆಲವು ಮಕ್ಕಳು ನಿಂತು ನುಡಿಸುತ್ತಾರೆ, ಕೆಲವರು ಕೂತು. ಅದಕ್ಕಾಗಿ ಜಮಖಾನೆ ಮುಗಿದಲ್ಲಿ, ಬರಿ ನೆಲದ ಮೇಲೆ ಒಂದು ಮರದ ಕುರ್ಚಿ. ಮಗುವನ್ನು ಕೈಹಿಡಿದು ಕರೆತರುವುದು, ಕುರ್ಚಿಯನ್ನು ಎತ್ತಿ ಇಡುವುದು ಅಥವಾ ಪಕ್ಕಕ್ಕಿಡುವುದು, ಆಮೇಲೆ ನಂಬರನ್ನು ಗಟ್ಟಿಯಾಗಿ ಕೂಗುವುದು, ಇಷ್ಟೂ ಪರದೆಯಮ್ಮನ ಕೆಲಸ. ಆ ಮೂರು ದಿನ ಪರದೆಯ ಹಿಂದಿನಿಂದ ಕೇಳಿಸಬಹುದಾದ ಮನುಷ್ಯರ ದನಿ ಎಂದರೆ ಆಕೆಯದೊಂದೇ.

ಇಪ್ಪತ್ತನಾಲ್ಕು ವರ್ಷದ ಹಿಂದೆ ಆಕೆ ಬಂದದ್ದು ಪರದೆ ಹೊಲಿಯುವುದಕ್ಕೆ. ಅದಕ್ಕೂ ಮುಂಚೆ ಸಿದ್ಧ ಉಡುಪಿನ ಕಾರ್ಖಾನೆಯಲ್ಲಿದ್ದಳಂತೆ. ನಲವತ್ತು ಹೊಲಿಗೆ ಮಿಷನ್ನು ಒಟ್ಟಿಗೆ ಓಡುವ ಶೆಡ್ಡು. ಆ ಗಲಾಟೆಯಲ್ಲಿ ತಲೆ ಎತ್ತದೆ, ಮೂರನೇ ಸಾಲಿನ ಐದನೇ ಮಿಷನ್ನಿನ ಸೂಜಿ ಇನ್ನೇನು ಮುರಿಯುತ್ತದೆ ಎಂದು ಹೇಳುತ್ತಿದ್ದಳು ಎಂದು ಆಕೆಯ ಗಂಡ ಹೇಳಿಕೊಂಡು ತಿರುಗುತ್ತಿದ್ದ. ಸಭಾಂಗಣದ ದೀಪದ ಕೆಲಸ ಅವನದು, ಬೆನ್ನುನೋವು ಬಂದು ಬಿಟ್ಟ. ಹೊಲಿದ ಪರದೆಯನ್ನು ಎಳೆಯುವವರು ಯಾರೂ ಇಲ್ಲವೆಂದು ಮೊದಲ ವರ್ಷ ಆಕೆಯನ್ನೇ ನಿಲ್ಲಿಸಿದರು. ಆಮೇಲೆ ಆ ಜಾಗ ಆಕೆಯದೇ ಆಯಿತು. ವರ್ಷವಿಡೀ ಸಭಾಂಗಣ ಗುಡಿಸುತ್ತಾಳೆ, ಕುರ್ಚಿ ಒರೆಸುತ್ತಾಳೆ, ಹರಿದ ಮೆತ್ತೆ ಹೊಲಿಯುತ್ತಾಳೆ. ಅದನ್ನೆಲ್ಲ ಯಾರೂ ಕಣ್ಣೆತ್ತಿ ನೋಡುವುದಿಲ್ಲ. ಆ ಮೂರು ದಿನ ಮಾತ್ರ ಇಸ್ತ್ರಿ ಮಾಡಿದ ಬೂದಿ ಬಣ್ಣದ ಸೀರೆ ಉಟ್ಟು, ಕೈಬಳೆ ಬಿಚ್ಚಿಟ್ಟು ಬರುತ್ತಾಳೆ. ಆಗ ಆಕೆಯ ಮಾತಿಲ್ಲದೆ ತೀರ್ಪುಗಾರರೂ ಪೆನ್ನು ಎತ್ತುವಂತಿಲ್ಲ. ಆ ಕೆಲಸವೆಂದರೆ ಆಕೆಗೆ ಜೀವ ಎಂದು ನಮಗೆಲ್ಲ ಗೊತ್ತಿತ್ತು.

ಆ ಕೆಲಸಕ್ಕೇ ಕುತ್ತು ತಂದದ್ದು ಒಂದು ಪತ್ರ. ಹಲ್ಲಿನ ಡಾಕ್ಟರೊಬ್ಬರು ಬರೆದಿದ್ದರು. ಅವರ ಮಗ ಮೂರು ವರ್ಷ ಸತತವಾಗಿ ಕ್ಲಾರಿನೆಟ್ ನುಡಿಸಿ ಸೋತಿದ್ದ. ಪರದೆಯಮ್ಮ ಕೆಲವು ಮಕ್ಕಳಿಗೆ ಕುರ್ಚಿಯನ್ನು ಎತ್ತಿ ಇಡುತ್ತಾಳೆ, ಕೆಲವರಿಗೆ ಸದ್ದಾಗುವಂತೆ ಎಳೆಯುತ್ತಾಳೆ, ಎಳೆದದ್ದು ಯಾರಿಗೋ ಅವರೇ ಹೆಚ್ಚಾಗಿ ಗೆಲ್ಲುತ್ತಾರೆ, ಇದು ತೀರ್ಪುಗಾರರಿಗೆ ಕೊಡುವ ಸನ್ನೆ, ತನಿಖೆ ಆಗಲಿ ಎಂದು. ಹೊಟ್ಟೆಯುರಿ ಎಂದು ಕಾರ್ಯದರ್ಶಿ ಪಕ್ಕಕ್ಕಿಡಬಹುದಿತ್ತು. ಆದರೆ ಅವರಿಗೂ ಬಹಳ ದಿನದಿಂದ ಗುಂಡಿ ಒತ್ತಿದರೆ ಸರಿಯುವ ಮೋಟಾರಿನ ಪರದೆ ತರಿಸುವ ಆಸೆ. ಸನ್ನೆ ನಿಜವಾದರೆ ಈ ವರ್ಷವೇ ಆಕೆಯನ್ನು ಪರದೆಯಿಂದ ಬಿಡಿಸುವುದು ಎಂದು ಸಮಿತಿ ತೀರ್ಮಾನಿಸಿತು. ಪತ್ತೆ ಮಾಡುವವರು ಯಾರು ಎಂದಾಗ ಎಲ್ಲರೂ ನನ್ನ ಕಡೆ ತಿರುಗಿದರು.

ಹನ್ನೆರಡು ವರ್ಷದಿಂದ ನಾನು ಆ ಸಮಿತಿಯಲ್ಲಿದ್ದೆ. ಸ್ಪರ್ಧೆಯ ನಿಯಮಗಳನ್ನು ಬರೆದವನೇ ನಾನು. ಪ್ರತಿ ವರ್ಷ ಮೊದಲ ದಿನ ತೀರ್ಪುಗಾರರ ಮುಂದೆ ನಿಂತು ಹದಿನಾಲ್ಕು ನಿಯಮಗಳನ್ನು ಓದುವವನೂ ನಾನೇ. ಪ್ರತಿ ನಿಯಮಕ್ಕೂ ಮುಂಚೆ ಎರಡು ಸಲ ಗಂಟಲು ಸರಿಮಾಡಿಕೊಳ್ಳುತ್ತೇನೆ, ಚಿಕ್ಕದೊಂದು, ದೊಡ್ಡದೊಂದು. ಬಚ್ಚಲಿಗೆ ಹೋಗುವಾಗಲೂ ಹಾಗೇ ಮಾಡುತ್ತೀರಿ ಎಂದು ಮಗಳು ರೇಗಿಸುತ್ತಾಳೆ. ತೀರ್ಪುಗಾರರು ನನಗೆ ತಕ್ಕಡಿ ಎಂದು ಹೆಸರಿಟ್ಟಿದ್ದಾರೆ, ನನಗೆ ಗೊತ್ತಿಲ್ಲ ಅಂದುಕೊಂಡಿದ್ದಾರೆ.

ಇನ್ನೊಂದು ಮಾತು. ಆ ವರ್ಷ ನನ್ನ ಮೊಮ್ಮಗಳೂ ಸ್ಪರ್ಧೆಗೆ ನಿಂತಿದ್ದಳು. ಮಗಳ ಮಗಳು, ಹದಿಮೂರು ವರ್ಷ, ಪಿಟೀಲು. ತೀರ್ಪುಗಾರರ ಜೊತೆ ಟೀ ಕುಡಿಯುವಾಗ, ನಮ್ಮ ಪುಟ್ಟಿ ಈ ಸಲ ನಿಲ್ಲುತ್ತಾಳೆ ಎಂದು ಹೆಮ್ಮೆಯಿಂದ ಹೇಳಿಯೂ ಇದ್ದೆ. ಪರದೆ ಇರುವಾಗ ಅದರಲ್ಲೇನು ತಪ್ಪು? ಪರದೆಯ ಹಿಂದೆ ಕೂರಲು ಕರೆದಾಗಲೂ ಕಾರ್ಯದರ್ಶಿಗೆ ನೆನಪಿಸಿದೆ. ನಿಮ್ಮನ್ನು ಅನುಮಾನಿಸುವುದುಂಟೇ ಎಂದು ಅವರು ನಕ್ಕರು. ಅವರು ನಕ್ಕದ್ದು ಆ ಒಂದು ಸಲ ನನಗೆ ಸರಿಯಾಗಿಯೇ ಕಂಡಿತು.

ಮೊದಲ ದಿನ ಬೆಳಿಗ್ಗೆ ಪರದೆಯ ಹಿಂದೆ, ಗೋಡೆಯ ಪಕ್ಕ ಒಂದು ಸ್ಟೂಲಿನ ಮೇಲೆ ಕೂತೆ. ತೊಡೆಯ ಮೇಲೆ ನೋಟ್‌ಬುಕ್ಕು. ವ್ಯವಸ್ಥೆ ನೋಡಲು ಬಂದಿದ್ದೇನೆ ಎಂದು ಆಕೆಗೆ ಹೇಳಿದ್ದೆ. ಸರಿ ಸಾರ್ ಎಂದು ಜಮಖಾನೆಯ ಮಡಿಕೆ ತೀಡುತ್ತ ಹೋದಳು. ಒಂದು ಪ್ರಶ್ನೆಯನ್ನೂ ಕೇಳಲಿಲ್ಲ. ಏನೂ ಮಾಡದವರು ಪ್ರಶ್ನೆ ಕೇಳುತ್ತಾರೆ, ಮಾಡಿದವರು ಸುಮ್ಮನಿರುತ್ತಾರೆ ಎನ್ನುವುದು ನನ್ನ ಸರ್ವೀಸಿನ ಅನುಭವ.

ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾದೆ. ಆಕೆಯ ಕೈ, ಕುರ್ಚಿಯ ಕಾಲು, ಇವೆರಡರ ಮೇಲೆ ಮಾತ್ರ ನನ್ನ ಕಣ್ಣು. ಅಂಗಡಿಗೆ ದಾಳಿ ಮಾಡಿದಾಗ ಗಿರಾಕಿಯ ಮುಖ ನೋಡಿಕೊಂಡು ಕೂತರೆ ತಕ್ಕಡಿ ಕೈತಪ್ಪುತ್ತದೆ. ಹಾಗಾಗಿ ಬಂದ ಮಕ್ಕಳ ಮುಖವನ್ನು ನಾನು ನೋಡಲೇ ಇಲ್ಲ. ಒಂದು, ಎರಡು, ಮೂರು ನಂಬರಿಗೆ ಕುರ್ಚಿಯನ್ನು ಮೊಟ್ಟೆ ಎತ್ತಿದ ಹಾಗೆ ಎತ್ತಿ ಇಟ್ಟಳು. ನಾಲ್ಕನೆಯದಕ್ಕೆ ಎಳೆದಳು. ಕರ್‌ರ್ ಎಂದು ಸಭಾಂಗಣದ ಕೊನೆಯವರೆಗೂ ಕೇಳಿಸುವಂಥ ಸದ್ದು. ನನ್ನ ಕಿವಿ ನೆಟ್ಟಗಾಯಿತು. ಸಂಜೆಯ ಹೊತ್ತಿಗೆ ಇನ್ನೂ ಎರಡು ಸಲ ಎಳೆದಿದ್ದಳು. ಒಂಬತ್ತು, ಹದಿಮೂರು. ಬರೆದುಕೊಂಡೆ.

ಎರಡನೇ ದಿನ ಇಪ್ಪತ್ತೆರಡಕ್ಕೆ ಎಳೆದಳು, ಇಪ್ಪತ್ತೇಳಕ್ಕೆ ಎಳೆದಳು. ಮೂವತ್ತೊಂದನೇ ನಂಬರು ಬಂದಾಗ ಜಮಖಾನೆಯ ಮೇಲೆ ಹಳದಿ ಕಾಲುಚೀಲ ಕಾಣಿಸಿತು. ಎಡಗಾಲಿನ ಹಿಮ್ಮಡಿಗೆ ನನ್ನ ಹೆಂಡತಿ ಹಾಕಿದ ತೇಪೆ. ಪುಟ್ಟಿ! ನನ್ನ ಗಂಟಲು ಕಟ್ಟಿತು, ಸರಿಮಾಡಿಕೊಂಡೆ, ಅದೇ ಕ್ಷಣಕ್ಕೆ ಕುರ್ಚಿಯೂ ಕರ್‌ರ್ ಎಂದಿತು. ಪುಟ್ಟಿ ನುಡಿಸಿದಳು. ಅವಳು ಹೋದ ಮೇಲೆ ಪರದೆಯಮ್ಮ ನನ್ನ ಹತ್ತಿರ ಬಂದು, ಸೆರಗಿನ ತುದಿಯ ಗಂಟು ಬಿಚ್ಚಿ ಒಂದು ಲವಂಗ ನನ್ನ ಅಂಗೈಯಲ್ಲಿಟ್ಟಳು. ಬಾಯಲ್ಲಿಟ್ಟುಕೊಳ್ಳಿ ಎಂದು ಸನ್ನೆ ಮಾಡಿದಳು.

ಓಹೋ, ನನ್ನನ್ನೂ ಬುಟ್ಟಿಗೆ ಹಾಕಿಕೊಳ್ಳುವ ಉಪಾಯ ಅಂದುಕೊಂಡೆ. ಆದರೂ ಗಂಟಲು ಒಣಗಿತ್ತು, ಲವಂಗವನ್ನು ಬಾಯಿಗೆ ಹಾಕಿಕೊಂಡೆ. ನೋಟ್‌ಬುಕ್ಕಿನಲ್ಲಿ ಮೂವತ್ತೊಂದನ್ನು ಬರೆಯಲಿಲ್ಲ. ಆ ಸಲ ಆಕೆಯ ಕೈ ಜಾರಿರಬೇಕು ಎಂದು ನನಗೆ ನಾನೇ ಹೇಳಿಕೊಂಡೆ. ಮೂವತ್ತೊಂದು ವರ್ಷದ ಸರ್ವೀಸಿನಲ್ಲಿ ಕಂಡದ್ದನ್ನು ಬರೆಯದೆ ಬಿಟ್ಟದ್ದು ಅದೇ ಮೊದಲು. ಆಗ ಅದು ತಪ್ಪು ಎಂದು ಅನ್ನಿಸಲೂ ಇಲ್ಲ.

ಮಧ್ಯಾಹ್ನ ಎಲ್ಲರೂ ಊಟಕ್ಕೆ ಹೋದಾಗ ಕುರ್ಚಿಯನ್ನು ಬೋರಲು ಹಾಕಿ ನೋಡಿದೆ. ಮೂರು ಕಾಲಿಗೆ ದಪ್ಪ ಉಣ್ಣೆಬಟ್ಟೆಯ ತುಂಡುಗಳನ್ನು ಅಂಟಿಸಿ, ಮೇಲೆ ದಾರ ಹಾಕಿ ಬಿಗಿದಿತ್ತು. ನಾಲ್ಕನೆಯ ಕಾಲು ಬರಿದು. ಬಟ್ಟೆ ಬಿದ್ದುಹೋದದ್ದಲ್ಲ, ಅಂಟಿನ ಗುರುತೇ ಇರಲಿಲ್ಲ, ಬೇಕೆಂದೇ ಬಿಟ್ಟದ್ದು. ನೇರ ಎತ್ತಿ ಇಟ್ಟರೆ ಸದ್ದಿಲ್ಲ, ಆ ಕಾಲಿನ ಮೇಲೆ ವಾಲಿಸಿ ಎಳೆದರೆ ಸದ್ದು. ಭಲೇ ಅಂದುಕೊಂಡೆ. ಎಂಥೆಂಥ ತಕ್ಕಡಿಗಳನ್ನು ಕಂಡಿದ್ದೆ, ಇಷ್ಟು ಅಚ್ಚುಕಟ್ಟಾದದ್ದನ್ನು ಕಂಡಿರಲಿಲ್ಲ. ನಾಲ್ಕು ಗಂಟೆಗೆ ಫೈನಲ್ ಪಟ್ಟಿ ಬಂತು. ಮೂವತ್ತೆಂಟು ಮಕ್ಕಳಲ್ಲಿ ಎಂಟು ಮಂದಿ. ನನ್ನ ನೋಟ್‌ಬುಕ್ಕಿನ ಐದರಲ್ಲಿ ಮೂವರು ಅದರಲ್ಲಿದ್ದರು. ಪುಟ್ಟಿಯೂ ಇದ್ದಳು, ಅದು ಬೇರೆ ಮಾತು. ಸಾಲದ್ದಕ್ಕೆ, ಆ ಮೂವರಲ್ಲಿ ಇಬ್ಬರು ಓದುವ ಶಾಲೆಯ ಬಸ್ಸು ಓಡಿಸುವವನು ಪರದೆಯಮ್ಮನ ಮೈದುನ ಎಂದು, ಮಕ್ಕಳ ನಂಬರು ಚೀಟಿ ನೋಡಿ ಒಳಗೆ ಬಿಡುವ ಗೇಟಿನವನು ಹೇಳಿದ. ಕೈಗೆ ಸಿಕ್ಕಳು ಎಂದು ನನಗೆ ಒಳಗೊಳಗೇ ಖುಷಿ. ಸುಳ್ಳು ಯಾಕೆ ಹೇಳಲಿ, ನಿವೃತ್ತಿಯಾದ ಮೇಲೆ ಅಂಥ ಖುಷಿಯನ್ನು ನಾನು ಕಂಡೇ ಇರಲಿಲ್ಲ.

ಐದು ಗಂಟೆಗೆ ಆಕೆಯ ಮನೆಗೇ ಹೋದೆ. ಸಭಾಂಗಣದ ಎದುರು ರಸ್ತೆ ದಾಟಿದರೆ ಟೈಲರ್ ಅಂಗಡಿ, ಅದರ ಮೇಲೆ ಎರಡು ಕೋಣೆ. ಗಂಡ ಬೆನ್ನಿಗೆ ದಿಂಬು ಒತ್ತಿಕೊಂಡು ಮಂಚದ ಮೇಲೆ ಕೂತಿದ್ದ. ಆಕೆ ಕಿಟಕಿಯ ಬೆಳಕಿಗೆ ಜಮಖಾನೆಯ ಅಂಚು ಹೊಲಿಯುತ್ತಿದ್ದಳು. ಯಾವ ಮಗುವೋ ಎಡವಿತ್ತಂತೆ. ಕೂರಿ ಸಾರ್ ಎಂದಳು. ಕೂರಲಿಲ್ಲ. ಕುರ್ಚಿ ನೋಡಿದೆ, ನಾಲ್ಕನೇ ಕಾಲೂ ನೋಡಿದೆ ಎಂದೆ. ಆಕೆಯ ಸೂಜಿ ನಿಂತಿತು.

"ಯಾಕೆ ಎಳೀತೀರಿ?"

"ಸದ್ದಾಗ್ಲಿ ಅಂತ ಸಾರ್."

"ಅದು ನನಗೂ ಕೇಳ್ಸುತ್ತೆ. ಆ ಮಕ್ಕಳಿಗೇ ಯಾಕೆ?"

ಆಕೆ ದಾರವನ್ನು ಬೆರಳಿಗೆ ಸುತ್ತಿದಳು. "ಯಾವ ಮಗೂಗೆ ಯಾಕೆ ಅಂತ ನಾನು ಹೇಳೋ ಹಾಗಿಲ್ಲ. ಮುಗಿಯೋವರೆಗೂ ಮಕ್ಕಳ ವಿಷಯ ಯಾರ ಹತ್ರಾನೂ ಮಾತಾಡಬಾರದು ಅಂತ ನೀವೇ ಬರೆದಿದ್ದೀರಲ್ಲ. ನಾಡಿದ್ದು ಕೇಳಿ, ಹೇಳ್ತೀನಿ."

ನಾಲ್ಕನೇ ನಿಯಮ. ನಾನೇ ಬರೆದದ್ದು. ನನ್ನ ನಿಯಮದ ಹಿಂದೆಯೇ ಅಡಗಿಕೊಳ್ಳುತ್ತಾಳಲ್ಲ ಎಂದು ಪಿತ್ತ ನೆತ್ತಿಗೇರಿತು. ಮೈದುನನ ವಿಷಯ ಎತ್ತಿದೆ. ಗಂಡ ಏನೋ ಹೇಳಲು ಬಾಯಿ ತೆರೆದ, ಆಕೆ ಕಣ್ಣಲ್ಲೇ ಸುಮ್ಮನಿರಿಸಿದಳು. ನಾಳೆ ಒಂದೇ ಒಂದು ಸಲ ಕುರ್ಚಿ ಎಳೆದರೂ ಅದೇ ನಿಮ್ಮ ಕೊನೆಯ ದಿನ ಎಂದು ಮುಖಕ್ಕೆ ಹೊಡೆದ ಹಾಗೆ ಹೇಳಿದೆ.

"ಏನೇ ಆದ್ರೂ ಎಳೀಬಾರದಾ ಸಾರ್?"

"ಏನೇ ಆದ್ರೂ."

"ಸರಿ. ಎಳಿಯಲ್ಲ." ಆಕೆ ಮತ್ತೆ ಸೂಜಿ ಎತ್ತಿಕೊಂಡಳು. ಆ 'ಏನೇ ಆದ್ರೂ' ಎಂಬ ಮಾತನ್ನು ಆಕೆ ಯಾಕೆ ಕೇಳಿದಳೆಂದು ಮೆಟ್ಟಿಲಿಳಿಯುವಾಗ ಯೋಚಿಸಬಹುದಿತ್ತು. ನಾನು ವರದಿಯ ಮೊದಲ ಸಾಲನ್ನು ಯೋಚಿಸುತ್ತಿದ್ದೆ.

ಮೂರನೇ ದಿನ ಫೈನಲ್. ಸಭಾಂಗಣ ತುಂಬಿತ್ತು. ಜನ ತೀರ್ಪುಗಾರರ ಹಿಂದೆ ಕೂತಿದ್ದರು, ಅವರಿಗೂ ಕಾಣುವುದು ಪರದೆಯೇ. ಸೂಜಿ ಬಿದ್ದರೂ ಕೇಳಿಸುವಂಥ ನಿಶ್ಶಬ್ದ. ನಾನು ಸ್ಟೂಲಿನ ಮೇಲೆ ಕೂರುತ್ತಲೇ ಪರದೆಯಮ್ಮ ಸೆರಗಿನ ಗಂಟು ಬಿಚ್ಚಿ ಲವಂಗ ಚಾಚಿದಳು. ಬೇಡ ಎಂದು ಕೈ ಅಲ್ಲಾಡಿಸಿದೆ. ಆಕೆ ಇನ್ನೊಂದು ಸಲ ಚಾಚಿದಳು. ನಾನು ಮುಖ ತಿರುಗಿಸಿದೆ. ಆರೋಪಿಯ ಕೈಯಿಂದ ಲವಂಗ ತಿನ್ನುವಷ್ಟು ಗತಿಗೆಟ್ಟಿರಲಿಲ್ಲ ನಾನು.

ಮೊದಲ ಇಬ್ಬರು ಬಂದು ಹೋದರು. ಕುರ್ಚಿ ಸದ್ದಿಲ್ಲದೆ ಎದ್ದಿತು, ಸದ್ದಿಲ್ಲದೆ ಕೂತಿತು. ಮೂರನೆಯದು ಇಪ್ಪತ್ತೇಳು. ನನ್ನ ಪಟ್ಟಿಯ ನಂಬರು. ಆಕೆಯ ಕೈಯನ್ನೇ ನೋಡುತ್ತಿದ್ದೆ. ಕುರ್ಚಿಯ ಬೆನ್ನಿನ ಮೇಲಿದ್ದ ಆ ಕೈ ಬಿಗಿಯಾಯಿತು, ಆದರೆ ಎಳೆಯಲಿಲ್ಲ. ಆಗ ಆ ನಿಶ್ಶಬ್ದದಲ್ಲಿ ಟಕ್ ಎಂದಿತು. ಒಂದು ಹೆಜ್ಜೆ. ಮತ್ತೆ ಟಕ್. ಕಬ್ಬಿಣ ಕಬ್ಬಿಣಕ್ಕೆ ತಾಗುವ ಸದ್ದು.

ಮೂರು ದಿನದಲ್ಲಿ ಮೊದಲ ಸಲ ನಾನು ತಲೆಯೆತ್ತಿ ಮಗುವಿನ ಕಡೆ ನೋಡಿದೆ. ಕೊಳಲು ಹಿಡಿದ ಹುಡುಗಿ, ಹದಿನೈದಿರಬಹುದು. ಉದ್ದ ಲಂಗದ ಕೆಳಗೆ ಬಲಗಾಲಿಗೆ ಕಟ್ಟಿದ ಕಬ್ಬಿಣದ ಪಟ್ಟಿ. ಅವಳು ಕೂರುವಾಗ ಮಂಡಿಯ ಹತ್ತಿರದ ಬಿಜಾಗರಿ ಕಳಚಬೇಕು, ಅದು ಮತ್ತೆ ಟಕ್ ಎಂದಿತು. ಅವಳನ್ನು ನಾನು ಬಲ್ಲೆ. ಸಂಗೀತ ಕೇಳುವವರೆಲ್ಲ ಬಲ್ಲರು. ಪಾಪ, ಆ ಕಾಲಲ್ಲೂ ಎಷ್ಟು ಚೆನ್ನಾಗಿ ನುಡಿಸುತ್ತಾಳೆ ಎನ್ನುತ್ತಾರೆ. ಪರದೆಯ ಆಚೆ ಯಾರೋ ಅಯ್ಯೋ ಎಂದು ನಿಟ್ಟುಸಿರಿಟ್ಟದ್ದು ನನಗೆ ಕೇಳಿಸಿತು. ಹುಡುಗಿಗೂ ಕೇಳಿಸಿತು. ಅವಳು ಪರದೆಯಮ್ಮನ ಮುಖ ನೋಡಿದಳು, ಯಾಕೆ ಬಿಟ್ಟೆ ಎನ್ನುವ ಹಾಗೆ. ಪರದೆಯಮ್ಮ ತಲೆ ತಗ್ಗಿಸಿದಳು.

ಕಬ್ಬಿಣದ ಆ ಸದ್ದನ್ನು ಮುಚ್ಚಲು ಕುರ್ಚಿಯ ಸದ್ದು. ಅಷ್ಟೇ. ನಾಲ್ಕನೇ ನಂಬರಿನವನು ನುಡಿಸುವ ಮುಂಚೆ ಬೆರಳಿನ ನೆಟಿಗೆ ತೆಗೆಯುತ್ತಾನೇನೋ, ಕೆಲವು ಗುರುಗಳ ಶಿಷ್ಯರಿಗೆಲ್ಲ ಆ ಚಾಳಿ ಇದೆ. ಹದಿಮೂರನೆಯದಕ್ಕೆ ಸದಾ ಸೊರಸೊರ ಎನ್ನುವ ಮೂಗೇನೋ. ಆ ಮಕ್ಕಳ ಮುಖ ನೋಡಿದ್ದರೆ ತಿಳಿಯುತ್ತಿತ್ತು. ಸಂಗೀತದ ಮಂದಿಗೆ ಕಿವಿ ಚುರುಕು, ಒಂದು ಸೀನಿನಲ್ಲಿ ಮನೆತನ ಹೇಳುತ್ತಾರೆ. ಇಪ್ಪತ್ತನಾಲ್ಕು ವರ್ಷ ಆಕೆ ಮಕ್ಕಳ ಗುರುತು ಬಯಲಾಗದಂತೆ ಕಾಯುತ್ತಿದ್ದಳು, ಒಂದು ಬರಿಯ ಕುರ್ಚಿಕಾಲಿನಿಂದ. ಹುಡುಗಿ ಕೊಳಲು ನುಡಿಸಿ ಮುಗಿಸಿದಳು, ಹೇಗೆ ನುಡಿಸಿದಳೋ ನನ್ನ ತಲೆಗೆ ಹೋಗಲಿಲ್ಲ. ಹಾಗಾದರೆ ಮೂವತ್ತೊಂದಕ್ಕೆ ಯಾಕೆ ಎಳೆದಳು? ನಮ್ಮ ಪುಟ್ಟಿಗೆ ಯಾವ ಚಾಳಿಯೂ ಇಲ್ಲವಲ್ಲ?

ಅಷ್ಟರಲ್ಲಿ ಹಳದಿ ಕಾಲುಚೀಲ ಜಮಖಾನೆಯ ಮೇಲೆ ಬಂತು. ಪುಟ್ಟಿ ಪಿಟೀಲನ್ನು ಎದೆಗೊತ್ತಿಕೊಂಡು ನಡೆದು ಬಂದಳು. ಗಂಟಲಲ್ಲಿ ಏನೋ ಕಟ್ಟಿಕೊಂಡಂತಾಯಿತು. ತಡೆಯಬೇಕು ಎಂದು ಹೊಳೆಯುವ ಮೊದಲೇ ಅದು ಆಗಿಹೋಯಿತು. ಚಿಕ್ಕದೊಂದು, ದೊಡ್ಡದೊಂದು. ಹನ್ನೆರಡು ವರ್ಷ ಆ ತೀರ್ಪುಗಾರರು ಹದಿನಾಲ್ಕು ನಿಯಮಗಳ ಮುಂಚೆ ಕೇಳಿದ ಅದೇ ಗಂಟಲು, ಆ ತುಂಬಿದ ಸಭಾಂಗಣದಲ್ಲಿ, ಯಾವ ಮರೆಯೂ ಇಲ್ಲದೆ.

ಪರದೆಯಮ್ಮನ ಕೈ ಕುರ್ಚಿಯ ಮೇಲೇ ಇತ್ತು. ಆಕೆ ನನ್ನ ಕಡೆ ನೋಡಿದಳು. ಕುರ್ಚಿ ಒಂದಿಷ್ಟು ವಾಲಿತು, ಮತ್ತೆ ನೆಟ್ಟಗೆ ನಿಂತಿತು. ಆಚೆ ಯಾರೋ ಮೆಲ್ಲಗೆ ನಕ್ಕರು. ಒಬ್ಬರು ಪೆನ್ನು ಕೆಳಗಿಟ್ಟ ಸದ್ದು ಕೇಳಿಸಿತು. "ಮೂವತ್ತೊಂದು" ಎಂದು ಪರದೆಯಮ್ಮ ಕೂಗಿದಳು. ಕೂಗುವ ಅಗತ್ಯ ಇರಲಿಲ್ಲ.

ಮಧ್ಯಾಹ್ನ ಮೂರಕ್ಕೆ ಫಲಿತಾಂಶ. ಮೊದಲನೆಯದು ಮೂವತ್ತೊಂದು. ಎರಡನೆಯದು ಇಪ್ಪತ್ತೇಳು. ಪುಟ್ಟಿ ಕುಣಿದಳು, ಮಗಳು ಅತ್ತಳು, ಹೆಂಡತಿ ಸಿಕ್ಕಿದವರಿಗೆಲ್ಲ ಆ ಕಾಲುಚೀಲದ ಕಥೆ ಹೇಳುತ್ತಿದ್ದಳು. ಜನ ಬಂದು ನನ್ನ ಕೈ ಕುಲುಕಿದರು. ನಿಮ್ಮ ಮೊಮ್ಮಗಳಲ್ಲವೇ, ಆಗಲೇಬೇಕು ಎಂದರು. ಆ ಮಾತಿಗೆ ಮೊದಲಾದರೆ ಎದೆಯುಬ್ಬುತ್ತಿತ್ತು, ಈಗ ಮೈಯೆಲ್ಲ ಉರಿಯಿತು. ನಾಲ್ಕಕ್ಕೆ ಸಮಿತಿಯ ಸಭೆ. ನನ್ನ ವರದಿ ಕೇಳಿ ಪರದೆಯಮ್ಮನ ವಿಷಯ ತೀರ್ಮಾನಿಸುವ ಸಭೆ.

ನಾನು ಪರದೆಯ ಹಿಂದಕ್ಕೆ ಹೋದೆ. ಆಕೆ ಕೊಕ್ಕೆಗಳಿಂದ ಪರದೆ ಬಿಡಿಸಿ ಮಡಚುತ್ತಿದ್ದಳು. ಇನ್ನು ಮುಂದೆ ಅದನ್ನು ಬಿಚ್ಚುವುದು ತಾನಲ್ಲ ಎಂದುಕೊಂಡೇ ಇರಬೇಕು, ಒಂದೊಂದು ಮಡಿಕೆಯನ್ನೂ ಅಂಗೈಯಿಂದ ಒತ್ತಿ ಒತ್ತಿ ಸರಿಮಾಡುತ್ತಿದ್ದಳು.

"ನಿನ್ನೆ ನನ್ನ ಕೆಮ್ಮನ್ನೇ ಮುಚ್ಚಿದ್ದಾ?"

"ಹೂಂ."

"ಇವತ್ತು ಯಾಕೆ ಮುಚ್ಚಲಿಲ್ಲ?"

"ಏನೇ ಆದ್ರೂ ಬೇಡ ಅಂದ್ರಲ್ಲ ಸಾರ್." ಅದರಲ್ಲಿ ಕೋಪವೂ ಇರಲಿಲ್ಲ, ಕೊಂಕೂ ಇರಲಿಲ್ಲ. "ಎಳೆಯೋಣ ಅಂತ ಒಂದು ಸಲ ಅನ್ನಿಸ್ತು. ನಿಮ್ಮ ಮೊಮ್ಮಗಳಿಗೆ ಮಾತ್ರ ಎಳೆದ್ರೆ, ಆ ಕೊಳಲಿನ ಹುಡುಗಿ ಮುಖ ಹೇಗೆ ನೋಡ್ಲಿ?"

ಆ ಹುಡುಗಿಯ ಕಾಲಿನ ವಿಷಯ ನಿನ್ನೆಯೇ ಹೇಳಬಹುದಿತ್ತು, ನಿಯಮ ಮುರಿದರೂ ಸರಿ ಎಂದು ಹೇಗೋ ಗೊಣಗಿದೆ. ಆಕೆ ಮಡಚುವುದನ್ನು ನಿಲ್ಲಿಸಿದಳು. ಕನಿಕರಕ್ಕೆ ಎರಡು ಅಂಕ ಜಾಸ್ತಿ ಬಿದ್ದರೆ ಅದು ತನ್ನ ಅಂಕವಲ್ಲ ಎಂದು ಆ ಹುಡುಗಿಯೇ ಮೊದಲ ವರ್ಷ ಅತ್ತು ಹೇಳಿದ್ದಳಂತೆ, ತೀರ್ಪು ಬರುವ ಮುಂಚೆ ಯಾರಿಗೂ ಹೇಳಬೇಡಿ ಎಂದು ಕೈಮೇಲೆ ಕೈಹಾಕಿಸಿಕೊಂಡಿದ್ದಳಂತೆ. ಆಮೇಲೆ ಆಕೆ ಹೇಳಿದ ಮಾತು ಇವತ್ತಿಗೂ ನನ್ನ ಕಿವಿಯಲ್ಲಿದೆ.

"ನಿಮ್ಮ ಮಗು ಚೆನ್ನಾಗೇ ನುಡಿಸ್ತು ಸಾರ್. ಆದ್ರೆ ಇನ್ನು ಅದು ಯಾರಿಗೂ ಗೊತ್ತಾಗಲ್ಲ. ಅವಳಿಗೂ."

ಸಭೆಯಲ್ಲಿ ಕಾರ್ಯದರ್ಶಿ, ಸನ್ನೆ ಸಿಕ್ಕಿತೇ ಎಂದು ಕೇಳಿದರು. ಸಿಕ್ಕಿತು, ಆದರೆ ಕುರ್ಚಿಯದಲ್ಲ, ಕುರ್ಚಿ ಎಳೆದದ್ದು ಗುರುತು ಸಿಗುವ ಸದ್ದು ಮುಚ್ಚಲು ಎಂದೆ. ಮೂರು ದಿನದಲ್ಲಿ ಒಂದೇ ಒಂದು ಸನ್ನೆ ಆಯಿತು, ಕೊಟ್ಟವನು ನಾನು, ಒಂಬತ್ತನೇ ನಿಯಮ ಓದಿ ಎಂದೆ. ಓದಲು ಯಾರೂ ಮುಂದೆ ಬರಲಿಲ್ಲ, ನಾನೇ ಓದಿದೆ. ಸ್ಪರ್ಧಿಯ ಕಡೆಯವರು ಪರದೆಯ ಹಿಂದಿನಿಂದ ಗುರುತು ಸಿಗುವಂತೆ ಮಾಡಿದರೆ ಆ ಸ್ಪರ್ಧಿ ಹೊರಗೆ. ಓದುವ ಮುಂಚೆ ಗಂಟಲು ಸರಿಮಾಡಿಕೊಂಡೆ, ಅಭ್ಯಾಸ ಬಿಡುತ್ತದೆಯೇ? ತೀರ್ಪುಗಾರರಲ್ಲಿ ಹಿರಿಯರು ಎದ್ದು, ಕೆಮ್ಮು ಕೇಳಿಸಿದ್ದು ನಿಜ, ಯಾರೆಂದು ತಿಳಿದದ್ದೂ ನಿಜ, ಆದರೆ ಅದರಿಂದ ಅಂಕದಲ್ಲಿ ಕೂದಲೆಳೆಯಷ್ಟೂ ವ್ಯತ್ಯಾಸ ಆಗಿಲ್ಲ ಎಂದು ಪ್ರಮಾಣ ಮಾಡಿ ಹೇಳಿದರು. ಮೂವತ್ತೊಂದು ವರ್ಷ ಅಂಗಡಿಯವರೂ ತಟ್ಟೆಯ ಕೆಳಗಿನ ಮೇಣ ತೋರಿಸಿದಾಗ ನನಗೆ ಅದನ್ನೇ ಹೇಳಿದ್ದರು. ನಾನು ಒಪ್ಪಲಿಲ್ಲ.

ಪರದೆಯಮ್ಮನ ಕೆಲಸ ಉಳಿಯಿತು. ಕೊಳಲಿನ ಹುಡುಗಿಗೆ ಮೊದಲ ಬಹುಮಾನ ಹೋಯಿತು. ಅವಳು ಅದನ್ನು ನಗದೆ ತೆಗೆದುಕೊಂಡಳು. ಬೆರಳಿಗೆ ಬಂದದ್ದೋ ಕಬ್ಬಿಣಕ್ಕೆ ಬಂದದ್ದೋ ಎಂದು ಅವಳಿಗೂ ತಿಳಿಯದ ಹಾಗೆ ಮಾಡಿದವನು ನಾನೇ. ನಾನು ಸಮಿತಿ ಬಿಟ್ಟೆ.

ಮಗಳು ಒಂದು ತಿಂಗಳು ನನ್ನ ಜೊತೆ ಮಾತು ಬಿಟ್ಟಳು. ಪುಟ್ಟಿ ಬಿಡಲಿಲ್ಲ, ಅದೇ ಹೆಚ್ಚು ಕಷ್ಟವಾಯಿತು. ಸಭೆ ಮುಗಿದ ಆ ಸಂಜೆ ಮನೆಗೆ ನಡೆದು ಬರುವಾಗ ಪಿಟೀಲಿನ ಪೆಟ್ಟಿಗೆಯನ್ನು ನನ್ನ ಕೈಗೆ ಕೊಡದೆ ತಾನೇ ಹೊತ್ತುಕೊಂಡಿದ್ದಳು.

"ತಾತ, ನಾನು ನಿಜವಾಗ್ಲೂ ಗೆದ್ದಿದ್ನಾ?"

ಊರಿನ ಅಷ್ಟೂ ತಕ್ಕಡಿಗಳಿಗೆ ಸರಿ ಇದೆ ಎಂದು ಮುದ್ರೆ ಒತ್ತಿದವನು ನಾನು. ಗೊತ್ತಿಲ್ಲ ಪುಟ್ಟಿ ಎಂದೆ. ಅವಳು ಪೆಟ್ಟಿಗೆಯನ್ನು ಇನ್ನೊಂದು ಕೈಗೆ ಬದಲಾಯಿಸಿಕೊಂಡು ಮುಂದೆ ನಡೆದಳು.

ಮರುವರ್ಷ ಅವಳು ಮತ್ತೆ ಹೆಸರು ಕೊಟ್ಟಳು. ನನ್ನಿಂದ ಒಂದೇ ಮಾತು ತೆಗೆದುಕೊಂಡಳು, ಸಭಾಂಗಣದ ಒಳಗೆ ಬರಕೂಡದು ಎಂದು. ಹೋಗಲಿಲ್ಲ. ರಸ್ತೆಯ ಈಚೆ, ಟೈಲರ್ ಅಂಗಡಿಯ ಮೆಟ್ಟಿಲ ಮೇಲೆ ಕೂತೆ. ಬೆಳಿಗ್ಗೆ ಪರದೆಯಮ್ಮ ಬೂದಿ ಬಣ್ಣದ ಸೀರೆ ಉಟ್ಟು ಮೇಲಿನಿಂದ ಇಳಿದು ಬಂದವಳು, ನನ್ನನ್ನು ನೋಡಿ ನಿಂತು, ಸೆರಗಿನ ಗಂಟು ಬಿಚ್ಚಿ ಒಂದು ಲವಂಗ ಕೊಟ್ಟು ರಸ್ತೆ ದಾಟಿದಳು. ಅಷ್ಟು ದೂರದಿಂದ ನನ್ನ ಗಂಟಲು ಯಾರಿಗೂ ಕೇಳಿಸುತ್ತಿರಲಿಲ್ಲ. ಆದರೂ ಸಂಜೆಯವರೆಗೂ ಅದನ್ನು ಬಾಯಲ್ಲೇ ಇಟ್ಟುಕೊಂಡಿದ್ದೆ.